ಹಸಿ ಗೋಡೆಯ ಮೇಲೆ ಬರೆದ ಬದುಕು

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಇದೇ ಶಾಲೆಯಲ್ಲಿ ಬಹುಕಾಲ ಚಿತ್ರಕಲಾ ಶಿಕ್ಷಕನಾಗಿ ದುಡಿದು ನಿವೃತ್ತನಾದವನು ನಾನು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಂದ ಬಂದ ಮಕ್ಕಳಿಗೆ ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ ಒಬ್ಬ ಕಲಾವಿದರ ಜೀವನವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆಗಳನ್ನು ಚಿತ್ರಗಳಿಂದ ತುಂಬಿದ ಬ್ರದರ್ ಅಂತೋನಿಯೊ ಮೊಸ್ಕೇನಿ.

ಅವರ ಕೆಲಸ ತಿಳಿಯಬೇಕಾದರೆ ಮೊದಲು ಇಟಲಿಯ ಅಸ್ಸಿಸಿ ಎಂಬ ಊರಿನ ಒಂದು ಗೋಡೆಚಿತ್ರವನ್ನು ನೆನೆಯಬೇಕು. ಸಂತ ಫ್ರಾನ್ಸಿಸರು ನೆಲದ ಮೇಲೆ ಕೂಡಿದ ಹಕ್ಕಿಗಳಿಗೆ ಬಾಗಿ ಉಪದೇಶ ಮಾಡುತ್ತಿರುವ ಚಿತ್ರ ಅದು. ಅರಿವೆ ವ್ಯಾಪಾರಿಯ ಮಗನಾಗಿ ಹುಟ್ಟಿ, ಸಿರಿಯನ್ನೆಲ್ಲ ಬಿಟ್ಟು, 1226ರಲ್ಲಿ ತೀರಿಕೊಂಡ ಆ ಸಂತರ ಜೀವನವನ್ನು ಅಲ್ಲಿಯ ಮೇಲಿನ ಚರ್ಚಿನಲ್ಲಿ 28 ಚಿತ್ರಗಳಲ್ಲಿ ಬರೆದಿದ್ದಾರೆ. ಬರೆದವರು ಜೊತ್ತೊ ಎಂದು ಪರಂಪರೆ ಹೇಳುತ್ತದೆ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಬಸವಣ್ಣನನ್ನು ಪೂಜಿಸುವ, ಬೀರಪ್ಪನ ಗುಡಿಯ ಮುಂದೆ ಕುರಿ ಮೇಯಿಸುವ ನಮ್ಮ ಮಕ್ಕಳಿಗೆ ಹಕ್ಕಿಗಳ ಕೂಡ ಮಾತನಾಡುವ ಸಂತ ಪರಕೀಯನೆನಿಸಲಿಲ್ಲ.

ಇಂಥ ಚಿತ್ರಕ್ಕೆ ಫ್ರೆಸ್ಕೊ ಎನ್ನುತ್ತಾರೆ. ಗವಂಡಿ ಗೋಡೆಗೆ ಸುಣ್ಣದ ಗಿಲಾವು ಮಾಡಿದ ಮೇಲೆ ಅದು ಹಸಿ ಇರುವಾಗಲೇ, ನೀರಿನಲ್ಲಿ ಕಲಸಿದ ಬಣ್ಣದಿಂದ ಬರೆಯಬೇಕು. ಸುಣ್ಣ ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಅದರೊಳಗೆ ಸೇರಿಬಿಡುತ್ತದೆ. ಅದಕ್ಕೇ ಒಂದು ದಿನದಲ್ಲಿ ಬರೆಯುವಷ್ಟೇ ಜಾಗಕ್ಕೆ ಗಿಲಾವು ಮಾಡಿಸುತ್ತಾರೆ. ಒಣಗಿದ ಮೇಲೆ ತಿದ್ದಬೇಕೆಂದರೆ ಆ ಭಾಗವನ್ನು ಕೆತ್ತಿ ತೆಗೆದು ಮೊದಲಿನಿಂದ ಶುರು ಮಾಡಬೇಕು.

ಈ ವಿದ್ಯೆಯನ್ನು ಕರಾವಳಿಗೆ ಹೊತ್ತು ತಂದ ಮೊಸ್ಕೇನಿಯವರು 1854ರ ಜನವರಿ 17ರಂದು ಉತ್ತರ ಇಟಲಿಯ ಬೆರ್ಗಾಮೊ ಹತ್ತಿರದ ಸ್ತೆಜ್ಜಾನೊದಲ್ಲಿ ಹುಟ್ಟಿದರು. ಬೆರ್ಗಾಮೊದ ಕರ್ರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತರು. ಮುಂದೆ ರೋಮಿಗೆ ಹೋಗಿ ಹಿರಿಯರ ಕೃತಿಗಳನ್ನು ಅಭ್ಯಾಸ ಮಾಡಿದರು. ಕೈಯಲ್ಲಿ ಕಲೆ ಇತ್ತು, ಹೆಸರು ಮಾಡುವ ದಾರಿಯೂ ತೆರೆದಿತ್ತು. ಆದರೆ 1889ರಲ್ಲಿ, 35ನೆಯ ವಯಸ್ಸಿನಲ್ಲಿ, ಅವರು ಯೇಸುಸಭೆಯನ್ನು ಸೇರಿದರು. ಪಾದ್ರಿಯಾಗಿ ಅಲ್ಲ, ಸೇವೆಗೆ ನಿಂತ ಸಾಮಾನ್ಯ ಬ್ರದರ್ ಆಗಿ. ಕುಂಚ ಬಿಡಬೇಕಾಗಲಿಲ್ಲ, ಅದೇ ಅವರ ಸೇವೆಯಾಯಿತು.

1880ರಲ್ಲಿ ಸ್ಥಾಪನೆಯಾದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿಗೆ ಚಿತ್ರ ಬರೆಯಲು ಅವರು ನಮ್ಮ ನಾಡಿಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. 1899ರಿಂದ 1901ರವರೆಗೆ ಅಲ್ಲಿ ದುಡಿದರು. ಗೋಡೆಗಳಿಗೆ ಫ್ರೆಸ್ಕೊ, ಛಾವಣಿಗೆ ಕ್ಯಾನ್ವಾಸಿನ ಮೇಲೆ ತೈಲಚಿತ್ರ. ಛಾವಣಿಯ ನಡುವೆ ಅಲೋಶಿಯಸರ ಜೀವನದ ಘಟನೆಗಳಿವೆ. ಅವರೂ ಇಟಲಿಯವರೇ. 1568ರಲ್ಲಿ ಸಿರಿವಂತ ಮನೆತನದ ಹಿರಿಯ ಮಗನಾಗಿ ಹುಟ್ಟಿ, ತಮ್ಮ ಹಕ್ಕನ್ನು ಬಿಟ್ಟುಕೊಟ್ಟು, ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಆರೈಕೆಗೆ ನಿಂತು, 1591ರಲ್ಲಿ 23ನೆಯ ವಯಸ್ಸಿಗೆ ಅದೇ ಬೇನೆ ತಗುಲಿ ತೀರಿಕೊಂಡರು.

ಒಂದು ವರ್ಷ ಶೈಕ್ಷಣಿಕ ಪ್ರವಾಸದಲ್ಲಿ ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಬಸ್ಸಿನಲ್ಲಿ ಗದ್ದಲ ಮಾಡಿದ ಹುಡುಗರು ಒಳಗೆ ಕಾಲಿಟ್ಟೊಡನೆ ಸುಮ್ಮನಾದರು. ಗೋಕಾಕದ ಕಟ್ಟಿಗೆ ಗೊಂಬೆಗಳಿಗೆ ಬಣ್ಣ ಹಚ್ಚುವ ಮನೆಯ ಹುಡುಗನೊಬ್ಬ ಬರೆದವರ ಸಹಿ ಎಲ್ಲಿದೆ ಎಂದು ಕೇಳಿದ. ಅವನ ಮನೆಯವರು ಮಾಡಿದ ಸಾವಿರ ಗೊಂಬೆಗಳ ಮೇಲೂ ಯಾರ ಹೆಸರೂ ಇರುವುದಿಲ್ಲವೆಂಬುದು ನನಗೆ ಆಗ ನೆನಪಾಯಿತು. ಚಿತ್ರಕಲೆ ಹೊಟ್ಟೆ ತುಂಬಿಸುತ್ತದೆಯೇ ಎಂದು ಪಾಲಕರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಅವರ ಚಿಂತೆ ಸುಳ್ಳಲ್ಲ. ಕಬ್ಬಿನ ಬಿಲ್ಲಿಗೆ ಕಾಯುವ ಮನೆಯಲ್ಲಿ ಆ ಪ್ರಶ್ನೆ ಏಳುವುದು ಸಹಜ. ಆದರೆ ಮಗುವಿನ ಕೈ ತನ್ನ ಶಕ್ತಿಯನ್ನು ಅರಿಯುವುದೂ ಶಿಕ್ಷಣವೇ ಎಂಬುದು ನನ್ನ ನಂಬಿಕೆ.

ಮಂಗಳೂರಿನ ನಂತರವೂ ಮೊಸ್ಕೇನಿ ಊರಿಗೆ ಮರಳಲಿಲ್ಲ. ಮುಂಬಯಿಯಲ್ಲಿಯೂ ಅವರ ಚಿತ್ರಗಳಿವೆ. ಕೊನೆಗೆ ಕೊಚ್ಚಿಯ ಸಾಂತಾ ಕ್ರೂಜ್ ಚರ್ಚಿಗೆ ಹೋದರು. ಕೆಲಸದ ನಡುವೆಯೇ ಆರೋಗ್ಯ ಕೆಟ್ಟಿತು. 1905ರ ನವೆಂಬರಿನಲ್ಲಿ, ಆ ಚರ್ಚಿನ ಪ್ರತಿಷ್ಠಾಪನೆಗೆ ಕೆಲವೇ ದಿನ ಇರುವಾಗ, ಅಲ್ಲಿಯೇ ಪ್ರಾಣ ಬಿಟ್ಟರು. ಆಗ ಅವರಿಗೆ 51 ವರ್ಷ. ಕರಾವಳಿಯ ಮಳೆ, ತೇವ ತಿಂದರೂ ಮಂಗಳೂರಿನ ಚಿತ್ರಗಳು ಉಳಿದವು. 1990ರ ದಶಕದಲ್ಲಿ ತಜ್ಞರು ಅವನ್ನು ಸಂರಕ್ಷಿಸಿದರು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಮಹೋತ್ಸವದ ನಿಮಿತ್ತ ನಮ್ಮ ಶಾಲೆಯ ಎಲ್ಲ ಗೋಡೆಗಳಿಗೂ ಹೊಸ ಬಣ್ಣ ಬಳಿಸುವ ಸಿದ್ಧತೆ ನಡೆದಿದೆ. ಸಂತೋಷ. ಆದರೆ ಚಿತ್ರಕಲಾ ಕೋಣೆಯ ಹಿಂದಿನ ಗೋಡೆಯ ಮೇಲೆ ನಿಮ್ಮಲ್ಲೇ ಹಲವರು ಹುಡುಗರಿದ್ದಾಗ ಬರೆದ ಎತ್ತು, ನವಿಲು, ಕುರಿ, ಗೋಕಾಕ ಜಲಪಾತ ಇನ್ನೂ ಮಾಸಲಾಗಿ ಕಾಣುತ್ತವೆ. ಅದು ಫ್ರೆಸ್ಕೊ ಅಲ್ಲ, ಪುಡಿಬಣ್ಣ. ಒಂದು ಕೋಟ್ ಬಳಿದರೆ ಮುಗಿಯಿತು. ಆ ಒಂದು ಗೋಡೆಯನ್ನು ಹಾಗೆಯೇ ಬಿಡಿರೆಂದು ಹಳೆಯ ವಿದ್ಯಾರ್ಥಿಗಳಲ್ಲಿ, ಗುರುಬಳಗದಲ್ಲಿ, ಊರ ಹಿರಿಯರಲ್ಲಿ ನನ್ನ ವಿನಂತಿ. ಅದರ ಪಕ್ಕದ ಗೋಡೆಗೆ ಸುಣ್ಣ ಹೊಡೆಸಿ, ಈಗಿನ ಮಕ್ಕಳ ಕೈಗೆ ಕುಂಚ ಕೊಡಿರಿ.