ಕೈಗುಣವನ್ನು ತೂಗಿದ ಶಸ್ತ್ರವೈದ್ಯ

ವೈದ್ಯರ ಕೈಗುಣದ ಮಾತು ನಮ್ಮಲ್ಲಿ ಮನೆಮನೆಯಲ್ಲೂ ಉಂಟು. ರೋಗಿ ಗುಣಹೊಂದಿದರೆ ಅದು ವೈದ್ಯನ ಕೈಗುಣ. ಇಲ್ಲವಾದರೆ ರೋಗಿಯ ಹಣೆಬರಹ. ಈ ಎರಡು ಮಾತುಗಳ ನಡುವೆ, ವೈದ್ಯನು ನಿಜವಾಗಿಯೂ ಎಷ್ಟು ಬಲ್ಲವನೆಂಬ ಪ್ರಶ್ನೆ ಮರೆಯಾಗಿಬಿಡುತ್ತದೆ. ಆ ಪ್ರಶ್ನೆಯನ್ನು ಮೊದಲು ತನಗೇ ಹಾಕಿಕೊಂಡು, ಬಳಿಕ ಇತರರಿಗೂ ಹಾಕಿ, ಅದಕ್ಕಾಗಿ ಭಾರಿ ಬೆಲೆ ತೆತ್ತವನು ಅಮೆರಿಕದ ಬಾಸ್ಟನ್ ನಗರದ ಅರ್ನೆಸ್ಟ್ ಅಮೋರಿ ಕಾಡ್‌ಮನ್.

1869ರಲ್ಲಿ ಜನಿಸಿದ ಕಾಡ್‌ಮನ್ 1895ರಲ್ಲಿ ಹಾರ್ವರ್ಡಿನಿಂದ ವೈದ್ಯ ಪದವಿಯನ್ನು ಪಡೆದನು. ಶಸ್ತ್ರಕ್ರಿಯೆಗೆ ಮುನ್ನ ರೋಗಿಗೆ ಈಥರ್ ಕೊಡುವ ಕೆಲಸ ಆಗ ವಿದ್ಯಾರ್ಥಿಗಳ ಪಾಲಿಗೆ ಬರುತ್ತಿತ್ತು. ಅದಕ್ಕೆ ತಕ್ಕ ಶಿಕ್ಷಣ ಮಾತ್ರ ಇರಲಿಲ್ಲ. ಮುಂದೆ ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಜಗತ್ಪ್ರಸಿದ್ಧನಾದ ಹಾರ್ವೆ ಕುಶಿಂಗ್ ಆತನ ಸಹಪಾಠಿ. ಕುಶಿಂಗ್ ಈಥರ್ ಕೊಟ್ಟ ರೋಗಿಯೊಬ್ಬ ಅಸುನೀಗಿದ್ದನು. ಯಾರು ಹೆಚ್ಚು ಕ್ಷೇಮವಾಗಿ ಈಥರ್ ಕೊಡಬಲ್ಲರೆಂದು ಗೆಳೆಯರಿಬ್ಬರೂ ಒಂದು ಊಟದ ಪಂಥ ಕಟ್ಟಿದರು. 1894ರಲ್ಲಿ, ರೋಗಿಯ ನಾಡಿ ಮತ್ತು ಉಸಿರಾಟವನ್ನು ಹೊತ್ತುಹೊತ್ತಿಗೆ ಹಾಳೆಯ ಮೇಲೆ ಗುರುತಿಸತೊಡಗಿದರು. ಬರೆದಿಟ್ಟರೆ ಹೋಲಿಸಬಹುದು, ಹೋಲಿಸಿದರೆ ಕಲಿಯಬಹುದು ಎಂಬ ಕಾಡ್‌ಮನ್ನನ ಜೀವನತತ್ತ್ವ ಈ ಹುಡುಗಾಟದಲ್ಲಿಯೇ ಮೊಳೆತಿತ್ತು.

ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾದ ಮೇಲೆ ಆತನು ಆ ತತ್ತ್ವವನ್ನು ವಿಸ್ತರಿಸಿದನು. ಪ್ರತಿಯೊಬ್ಬ ರೋಗಿಗೂ ಒಂದು ಕಾರ್ಡು. ಅದರಲ್ಲಿ ರೋಗ, ಚಿಕಿತ್ಸೆ, ವರ್ಷ ಕಳೆದ ಮೇಲೆ ರೋಗಿಯ ಸ್ಥಿತಿ. ಗುಣವಾಗದಿದ್ದರೆ ಕಾರಣವೇನು? ಅದು ಜ್ಞಾನದ ಕೊರತೆಯೋ, ಕೌಶಲದ ಕೊರತೆಯೋ, ವಿವೇಚನೆಯ ತಪ್ಪೋ, ಇಲ್ಲವೆ ರೋಗವೇ ಅಸಾಧ್ಯವಾದುದೋ? ಈ ಲೆಕ್ಕವೇ ವೈದ್ಯನ ಯೋಗ್ಯತೆಗೆ ಅಳತೆಗೋಲಾಗಬೇಕೆಂಬುದು ಆತನ ವಾದ. ಆದರೆ ಆಸ್ಪತ್ರೆಯಲ್ಲಿ ಬಡ್ತಿ ದೊರೆಯುತ್ತಿದ್ದುದು ಸೇವಾಹಿರಿತನದಿಂದ. ಅದನ್ನು ಪ್ರತಿಭಟಿಸಿ 1914ರಲ್ಲಿ ರಾಜೀನಾಮೆಯನ್ನಿತ್ತ ಕಾಡ್‌ಮನ್, ತನ್ನ ಫಲಿತಾಂಶಗಳು ಇತರರವುಗಳಿಗಿಂತ ಮೇಲೆಂದು ತೋರಿಸಿ, ಅದೇ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯನ ಸ್ಥಾನಕ್ಕೆ ಅರ್ಜಿ ಹಾಕಿದನು!

ಆತನು ಪರರ ತಪ್ಪನ್ನು ಮಾತ್ರ ಹುಡುಕುವವನಾಗಿರಲಿಲ್ಲ. 1911ರಲ್ಲಿ ತಾನೇ ತೆರೆದ ಚಿಕ್ಕ ಆಸ್ಪತ್ರೆಯಿಂದ 1916ರ ವರೆಗೆ ಮನೆಗೆ ಮರಳಿದವರು 337 ಮಂದಿ. ಅವರ ಚಿಕಿತ್ಸೆಯಲ್ಲಿ 123 ದೋಷಗಳನ್ನು ಗುರುತಿಸಿ, ಎಲ್ಲವನ್ನೂ ಅಚ್ಚುಹಾಕಿಸಿ ಪ್ರಕಟಿಸಿದನು. ಗಿರಾಕಿ ಬೇಕಾದ ಯಾವ ವೈದ್ಯನು ಇಂತಹ ಕೆಲಸ ಮಾಡಿಯಾನು?

ಸತ್ಯವನ್ನು ಹೇಳುವುದರಲ್ಲಿ ಆತನಿಗಿದ್ದ ಧೈರ್ಯ ನಯದಲ್ಲಿರಲಿಲ್ಲ. 1915ರ ಜನವರಿಯಲ್ಲಿ ವೈದ್ಯರ ಸಭೆಯೊಂದರಲ್ಲಿ ದೊಡ್ಡದೊಂದು ವ್ಯಂಗ್ಯಚಿತ್ರವನ್ನು ಬಿಡಿಸಿಟ್ಟನು: ಬಾಸ್ಟನ್ನಿನ ಸಿರಿವಂತ ಸಮಾಜವೆಂಬ ಉಷ್ಟ್ರಪಕ್ಷಿ ಮರಳಿನಲ್ಲಿ ತಲೆ ಹುದುಗಿಸಿ, ವೈದ್ಯರಿಗೆ ಚಿನ್ನದ ಮೊಟ್ಟೆಗಳನ್ನು ಒದಗಿಸುತ್ತಿದೆ. ಸಭೆ ಕೆರಳಿತು. ವೈದ್ಯಸಂಘದಲ್ಲಿದ್ದ ಅಧ್ಯಕ್ಷಸ್ಥಾನ ಹೋಯಿತು, ಹಾರ್ವರ್ಡಿನ ಅಧ್ಯಾಪಕವೃತ್ತಿ ಹೋಯಿತು, ಸ್ನೇಹಗಳು ಸಡಿಲಿದವು.

ಆದರೂ ಬಿತ್ತಿದ ಬೀಜ ಹುಸಿಯಾಗಲಿಲ್ಲ. ಆತನ ಪ್ರೇರಣೆಯಿಂದ ಹುಟ್ಟಿದ ಆಸ್ಪತ್ರೆಗಳ ಪರಿಶೀಲನೆಯನ್ನು ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಮುಂದುವರಿಸಿತು. 1919ರಲ್ಲಿ ನೋಡಿದರೆ 692 ದೊಡ್ಡ ಆಸ್ಪತ್ರೆಗಳ ಪೈಕಿ ಕನಿಷ್ಠ ಮಟ್ಟವನ್ನು ಮುಟ್ಟಿದವು 89 ಮಾತ್ರ. ಮೂಳೆಯ ಕ್ಯಾನ್ಸರ್ ರೋಗಿಗಳ ದಾಖಲೆಯೊಂದನ್ನು ಕಾಡ್‌ಮನ್ 1920ರಲ್ಲಿ ಆರಂಭಿಸಿದನು. 1934ರಲ್ಲಿ ಭುಜದ ವ್ಯಾಧಿಗಳನ್ನು ಕುರಿತ ಮೇರುಗ್ರಂಥವನ್ನು ಹೊರತಂದನು. 1940ರಲ್ಲಿ ಕಡುಕಷ್ಟದಲ್ಲಿ ತೀರಿಕೊಂಡಾಗ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಅದನ್ನು ನಿಲ್ಲಿಸಿದ್ದು 2014ರಲ್ಲಿ.

ಇಂದು ನಮ್ಮ ನಾಡಿನಲ್ಲಿಯೂ ಶಸ್ತ್ರವೈದ್ಯ ವಿದ್ಯಾರ್ಥಿಗಳು ತಾವು ನೋಡಿದ, ನೆರವಾದ, ಸ್ವತಃ ಮಾಡಿದ ಶಸ್ತ್ರಕ್ರಿಯೆಗಳನ್ನು ಲಾಗ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ನೂರು ಶಸ್ತ್ರಕ್ರಿಯೆ ಮಾಡಿದವನು ಅನುಭವಿಯೆಂಬುದು ನಿಜ. ಆದರೆ ಆ ನೂರು ಮಂದಿ ವರ್ಷದ ಬಳಿಕ ಹೇಗಿದ್ದಾರೆಂಬುದನ್ನು ಬಲ್ಲವನನ್ನು ಮಾತ್ರವೇ ಕಾಡ್‌ಮನ್ ಕುಶಲನೆಂದು ಒಪ್ಪುತ್ತಿದ್ದನು.