ವೆಲ್ಲೂರಿನ ಡಾಕ್ಟರಮ್ಮ ಐಡಾ ಸ್ಕಡರ್

ಹೊಸೂರು, ಕೃಷ್ಣಗಿರಿ ಕಡೆಯ ನಮ್ಮ ಜನ ಕಾಯಿಲೆ ಕೈಮೀರಿತು ಎನಿಸಿದಾಗ ಇಂದಿಗೂ ವೆಲ್ಲೂರಿನ ಬಸ್ಸು ಹತ್ತುತ್ತಾರೆ. ಅಲ್ಲಿನ ದೊಡ್ಡಾಸ್ಪತ್ರೆಯ ಹೆಸರು ಕೇಳದ ಮನೆ ಕಡಿಮೆ. ಅದನ್ನು ಕಟ್ಟಿದವರ ಹೆಸರು ಗೊತ್ತಿರುವ ಮನೆ ಇನ್ನೂ ಕಡಿಮೆ. ಕಟ್ಟಿದವರು ಒಬ್ಬ ಹೆಂಗಸು. ಅದೂ, ಈ ದೇಶದ ಸಹವಾಸವೇ ತನಗೆ ಬೇಡವೆಂದು ಒಂದು ಕಾಲದಲ್ಲಿ ಹಟ ಹಿಡಿದಿದ್ದವರು.

ಐಡಾ ಸೋಫಿಯಾ ಸ್ಕಡರ್ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿಗೆ ಸಮೀಪದ ರಾಣಿಪೇಟೆಯಲ್ಲಿ. ಅಜ್ಜ ಜಾನ್ ಸ್ಕಡರ್ ಅಮೆರಿಕದಿಂದ ಭಾರತಕ್ಕೆ ಬಂದ ಮೊದಲ ವೈದ್ಯ ಪಾದ್ರಿ. ತಂದೆಯದೂ ಅದೇ ಕೆಲಸ. ಐಡಾಗೆ ಆರೇಳು ವರ್ಷವಿದ್ದಾಗ 1876–78ರ ಮಹಾಕ್ಷಾಮ ಬಂತು. ನಮ್ಮ ಹಿರಿಯರು ಧಾತು–ಈಶ್ವರ ಬರ ಎಂದು ಕರೆಯುತ್ತಿದ್ದುದು ಇದನ್ನೇ. ಎತ್ತಿ ತಿನ್ನುವ ತ್ರಾಣವೂ ಇಲ್ಲದ ಮಕ್ಕಳ ಬಾಯಿಗೆ ಆ ಹುಡುಗಿ ರೊಟ್ಟಿಯ ಚೂರುಗಳನ್ನು ಇಡಬೇಕಾಯಿತು. ಆ ನೋಟ ಮನಸ್ಸಿನಿಂದ ಹೋಗಲಿಲ್ಲ. ಅಮೆರಿಕಕ್ಕೆ ಓದಲು ಹೋದ ಮೇಲೆ, ಮತ್ತೆ ಇಂಡಿಯಾದಲ್ಲಿ ಬಾಳುವೆ ಮಾಡಬಾರದು ಎಂದೇ ನಿಶ್ಚಯಿಸಿದ್ದಳು.

1890ರಲ್ಲಿ ತಾಯಿಗೆ ಕಾಯಿಲೆಯೆಂದು ತಿಂಡಿವನಕ್ಕೆ ಬಂದದ್ದು ಕೆಲವು ಕಾಲವಿದ್ದು ಹೋಗುವುದಕ್ಕಷ್ಟೆ. ಅಲ್ಲಿ ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೆ ಒಬ್ಬರಂತೆ ಬಂದು ಬಾಗಿಲು ತಟ್ಟಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇನ್ನೊಬ್ಬ ಬೇರೊಂದು ಮೇಲ್ಜಾತಿಯವನು. ಮೂವರ ಮನೆಯಲ್ಲೂ ಎಳೆಯ ಹೆಂಡತಿ ಹೆರಿಗೆಯಾಗದೆ ಒದ್ದಾಡುತ್ತಿದ್ದಳು. ಐಡಾ ತನಗೆ ವೈದ್ಯ ತಿಳಿಯದು, ತಂದೆಯನ್ನು ಕಳುಹಿಸುತ್ತೇನೆ ಎಂದಳು. ಪರಪುರುಷನು ಒಳಮನೆಗೆ ಬರುವುದನ್ನು ಮೂವರೂ ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಬೀದಿಯಲ್ಲಿ ಸಾವಿನ ಡೋಲು ಕೇಳಿಸಿತು. ಮೂವರು ಹೆಂಗಸರೂ ತೀರಿಕೊಂಡಿದ್ದರು. ಅಂದು ಐಡಾ ತಂದೆತಾಯಿಗಳ ಮುಂದೆ ನಿಂತು, ತಾನು ಅಮೆರಿಕಕ್ಕೆ ಹೋಗಿ ಡಾಕ್ಟರಾಗಿ ಹಿಂತಿರುಗುವುದಾಗಿ ತಿಳಿಸಿದಳು.

ಔಷಧವಿದ್ದೂ ವೈದ್ಯನಿದ್ದೂ ಮನೆಯವರಿಗೆ ನಂಬಿಕೆ ಬಾರದೆ ಜೀವ ಹೋಯಿತೆಂಬುದನ್ನು ಇಲ್ಲಿ ಗಮನಿಸಬೇಕು. ಐಡಾ ಅವರ ಮುಂದಿನ ಅರುವತ್ತು ವರ್ಷಗಳೂ ಎರಡು ವಸ್ತುಗಳನ್ನು ಕೂಡಿಸುವುದರಲ್ಲಿ ಕಳೆದವು: ಒಂದು ಹಣ, ಇನ್ನೊಂದು ಈ ನಂಬಿಕೆ.

1899ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯ ಕಾಲೇಜಿನಿಂದ ಪದವಿ ಪಡೆದರು. ಅಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡ ಮೊದಲ ತಂಡದಲ್ಲಿ ಅವರೂ ಒಬ್ಬರು. ಹೊರಡುವ ಮುನ್ನ ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆಗಾಗಿ ಹಣ ಕೂಡಿಸಬೇಕಾಗಿತ್ತು. ಒಬ್ಬ ಶ್ರೀಮಂತ ಮಹಿಳೆಯ ಮನೆಯಲ್ಲಿ ಕುಳಿತು ಐಡಾ ಆ ಮೂರು ಸಾವುಗಳ ಕಥೆ ಹೇಳುತ್ತಿದ್ದಾಗ, ಪಕ್ಕದ ಕೋಣೆಯಲ್ಲಿದ್ದ ಷೆಲ್ ಎಂಬ ಮುದುಕ ಬ್ಯಾಂಕರು ಎಲ್ಲವನ್ನೂ ಕೇಳಿಸಿಕೊಂಡರೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಷೆಲ್ ತಮ್ಮ ಮಡಿದ ಹೆಂಡತಿಯ ನೆನಪಿಗಾಗಿ 10,000 ಡಾಲರು ಕೊಟ್ಟರು.

ಕೈಯಲ್ಲಿ ಹಣವಿತ್ತು, ರೋಗಿಗಳು ಮಾತ್ರ ಇರಲಿಲ್ಲ. 1900ರಲ್ಲಿ ಐಡಾ ವೆಲ್ಲೂರಿನ ಬಂಗಲೆಯ ಒಂದು ಪುಟ್ಟ ಕೋಣೆಯಲ್ಲಿ ಚಿಕಿತ್ಸೆಗೆ ಕುಳಿತರು. ಜೊತೆಗಿದ್ದು ಕಲಿಸುವರೆಂದು ನಂಬಿದ್ದ ತಂದೆ ಅದೇ ವರ್ಷ ಮೇ ತಿಂಗಳಲ್ಲಿ ತೀರಿಕೊಂಡರು. ಅನುಭವವಿಲ್ಲದ ಈ ಹುಡುಗಿ ಡಾಕ್ಟರನ್ನು ನಂಬುವವರು ಯಾರು? ಸಲೋಮಿ ಎಂಬ ಮನೆಗೆಲಸದವರ ಹೆಂಗಸೇ ನರ್ಸು. ಒಬ್ಬಳಿಗೆ ಗುಣವಾದರೆ ಅವಳು ನೆರೆಮನೆಯವಳಿಗೆ ಹೇಳಿದಳು, ನೆರೆಮನೆಯವಳು ತನ್ನ ತವರಿನಲ್ಲಿ ಹೇಳಿದಳು. ಎರಡು ವರ್ಷಗಳಲ್ಲಿ ರೋಗಿಗಳ ಎಣಿಕೆ 5,000 ಮುಟ್ಟಿತು. 1902ರಲ್ಲಿ 40 ಹಾಸಿಗೆಗಳ ಮೇರಿ ಟೇಬರ್ ಷೆಲ್ ಆಸ್ಪತ್ರೆ ತೆರೆಯಿತು.

ಆಸ್ಪತ್ರೆಗೆ ಬರಲಾಗದವರ ಬಳಿಗೆ ತಾವೇ ಹೋಗತೊಡಗಿದರು. ಮೊದಲು ಎತ್ತಿನ ಗಾಡಿ, ಆಮೇಲೆ ಫ್ರಾನ್ಸಿನ ಒಂದು ಸಣ್ಣ ಪಿಜೋ ಕಾರು. ಅದರ ಸದ್ದಿಗೆ ದೆವ್ವ ಬಂತೆಂದು ಜನ ಹೊಲ ಹಾಯ್ದು ಓಡಿದರಂತೆ! ಗುಡಿಯಾತ್ತಂ ರಸ್ತೆಯಲ್ಲಿ ಗೊತ್ತಾದ ದಿನ, ಗೊತ್ತಾದ ಮರದ ನೆರಳಿನಲ್ಲಿ ಕಾರು ನಿಲ್ಲುತ್ತಿತ್ತು. ವಾರ ತಪ್ಪದೆ ಬರುವ ಡಾಕ್ಟರಮ್ಮನಿಗಾಗಿ ಕುರುಡರು, ಕುಷ್ಠರೋಗಿಗಳು, ಮಗುವನ್ನೆತ್ತಿದ ತಾಯಂದಿರು ಬೆಳಗಿನಿಂದ ಕಾದಿರುತ್ತಿದ್ದರು. ನನಗೆ ಕೇಳಿದರೆ, ಐಡಾ ಅವರ ದೊಡ್ಡ ಕಟ್ಟಡಗಳಿಗಿಂತ ಈ ಮರದ ನೆರಳೇ ದೊಡ್ಡದು.

ಆದರೆ ಒಬ್ಬರು ಎಷ್ಟು ಹಳ್ಳಿಗೆ ಹೋಗಲು ಸಾಧ್ಯ? ಈ ನೆಲದ ಹೆಣ್ಣುಮಕ್ಕಳೇ ಡಾಕ್ಟರಾಗಬೇಕೆಂದು ಅವರಿಗೆ ತೋರಿತು. 1909ರಲ್ಲಿ ನರ್ಸುಗಳ ಶಾಲೆ ಆರಂಭವಾಯಿತು. ವೈದ್ಯ ಶಾಲೆಯ ಯೋಚನೆಯನ್ನು ಕೇಳಿದ ಮದರಾಸಿನ ವೈದ್ಯ ಇಲಾಖೆಯ ಮುಖ್ಯಾಧಿಕಾರಿಗೆ ಮೂರು ಅರ್ಜಿಗಳಾದರೂ ಬಂದಾವೆಂಬ ಭರವಸೆ ಇರಲಿಲ್ಲ. ಬಂದದ್ದು 151. 1918ರ ಆಗಸ್ಟಿನಲ್ಲಿ ಬಾಡಿಗೆ ಕಟ್ಟಡದಲ್ಲಿ, ಒಂದು ಸೂಕ್ಷ್ಮದರ್ಶಕ, ಒಂದು ಅಸ್ಥಿಪಂಜರ, ಕೆಲವೇ ಪುಸ್ತಕಗಳೊಂದಿಗೆ ಪಾಠ ಶುರುವಾಯಿತು. ಮೊದಲ ವರ್ಷದ ಸರಕಾರಿ ಪರೀಕ್ಷೆಯಲ್ಲಿ ಗಂಡುಮಕ್ಕಳ ಶಾಲೆಗಳಲ್ಲಿ ಐವರಲ್ಲಿ ಒಬ್ಬರು ಪಾಸಾದರೆ, ವೆಲ್ಲೂರಿನ ಹದಿನಾಲ್ಕು ಹುಡುಗಿಯರೂ ಪಾಸಾದರು.

ಶಾಲೆ ಬೆಳೆಯಲು ಹಣ ಬೇಕಾಯಿತು. 1920ರ ದಶಕದ ಆರಂಭದಲ್ಲಿ ಅಮೆರಿಕದ ಲೂಸಿ ಪೀಬಾಡಿ ಎಂಬ ಮಹಿಳೆ ಭಾರತ, ಚೀನಾ, ಜಪಾನುಗಳ ಏಳು ಮಹಿಳಾ ಕಾಲೇಜುಗಳಿಗಾಗಿ ದೊಡ್ಡ ನಿಧಿ ಕೂಡಿಸಲು ಹೊರಟರು. ವೆಲ್ಲೂರು ಅವುಗಳಲ್ಲೊಂದು. ರಾಕ್‌ಫೆಲರ್ ಮನೆತನದ ಒಂದು ಸ್ಮಾರಕ ನಿಧಿ ಹತ್ತು ಲಕ್ಷ ಡಾಲರು ಕೊಡಲು ಮುಂದೆ ಬಂತು. ಆದರೆ ಗೊತ್ತಾದ ಅವಧಿಯೊಳಗೆ ಇಪ್ಪತ್ತು ಲಕ್ಷವನ್ನು ಜನರಿಂದ ಕೂಡಿಸಿ ತೋರಿಸಬೇಕೆಂಬ ಷರತ್ತು ಹಾಕಿತು. ಕೆಲಸದಲ್ಲಿ ನಂಬಿಕೆಯಿಟ್ಟವರು ಎಷ್ಟು ಮಂದಿ ಎಂದು ಒರೆಗೆ ಹಚ್ಚುವ ಉಪಾಯವಿದು. ಐಡಾ ಊರೂರು ಸುತ್ತಿ ಸಭೆಗಳಲ್ಲಿ ಮಾತನಾಡಿದರು. ಸಾಮಾನ್ಯ ಗೃಹಿಣಿಯರು ಒಂದೊಂದು ಡಾಲರು ಉಳಿಸಿ ಕೊಟ್ಟರು. ಷರತ್ತು ಪೂರೈಸಿತು. ಹಣ ಕೊಟ್ಟವರೆಲ್ಲ ಹೆಣ್ಣುಮಕ್ಕಳ ಕಾಲೇಜಿಗೆಂದು ಕೊಟ್ಟಿದ್ದರೆಂಬುದನ್ನು ನೆನಪಿಡಿ. ಮುಂದೆ ಇದೇ ತೊಡಕಾಯಿತು.

1928ರಲ್ಲಿ ಗಾಂಧೀಜಿ ಶಾಲೆಗೆ ಭೇಟಿ ಕೊಟ್ಟರು. ಅದೇ ವರ್ಷ ಊರಾಚೆ ಬಾಗಾಯಂನ 200 ಎಕರೆ ಜಾಗದಲ್ಲಿ ಹೊಸ ಶಾಲೆಯ ಕೆಲಸ ಮೊದಲಾಯಿತು. ಎಲ್ಲವೂ ನೆಲೆಗೆ ಬಂತೆನ್ನುವಾಗ, 1938ರ ಹೊತ್ತಿಗೆ ಮದರಾಸು ಸರಕಾರ ಡಿಪ್ಲೊಮಾ ವೈದ್ಯ ಶಿಕ್ಷಣವನ್ನು ನಿಲ್ಲಿಸಿ, ಇನ್ನು ಮುಂದೆ ವಿಶ್ವವಿದ್ಯಾಲಯದ ಎಂ.ಬಿ.ಬಿ.ಎಸ್. ಮಾತ್ರ ಎಂದು ಗೊತ್ತುಮಾಡಿತು. ಸರಕಾರದ ಯೋಚನೆ ತಪ್ಪಾಗಿರಲಿಲ್ಲ, ಆದರೆ ಅದಕ್ಕೆ ಬೇಕಾದ ಹಾಸಿಗೆಗಳು, ಪ್ರಯೋಗಶಾಲೆಗಳು, ಉನ್ನತ ಪದವಿಯ ಅಧ್ಯಾಪಕರು ವೆಲ್ಲೂರಿನಲ್ಲಿ ಇರಲಿಲ್ಲ. ಐಡಾಗೆ ಆಗ 67 ದಾಟಿತ್ತು. 1941ರಲ್ಲಿ, ಯುದ್ಧದ ನಡುವೆ, ಎಪ್ಪತ್ತರ ಮುದುಕಿ ಮತ್ತೆ ಅಮೆರಿಕಕ್ಕೆ ಹೋದರು.

ಅಲ್ಲಿ ಅವರಿಗೆ ಅತಿ ಕಷ್ಟದ ಪ್ರಶ್ನೆ ಎದುರಾಯಿತು. ಗಂಡುಮಕ್ಕಳಿಗೂ ಪ್ರವೇಶ ಕೊಟ್ಟರೆ ಬೇರೆ ಬೇರೆ ಮಿಷನ್ನುಗಳು ಕೈಜೋಡಿಸಲು ಸಿದ್ಧವಿದ್ದವು. ಇಲ್ಲವಾದರೆ ಕಾಲೇಜು ಮುಚ್ಚುವ ಭಯ. ಆದರೆ ಹೆಂಗಸರು ಹೆಂಗಸರಿಗಾಗಿ ಕೂಡಿಸಿದ ನಿಧಿಯನ್ನು ಹಾಗೆ ಬಳಸುವುದು ಕೊಟ್ಟ ಮಾತಿಗೆ ತಪ್ಪಿದಂತೆ ಎಂದು ಲೂಸಿ ಪೀಬಾಡಿ ಬಲವಾಗಿ ವಿರೋಧಿಸಿದರು. ಹಳೆಯ ಸ್ನೇಹ ಒಡೆಯಿತು. ಪೀಬಾಡಿಯವರ ಮಾತಿನಲ್ಲೂ ನ್ಯಾಯವಿತ್ತೆಂದು ಹೇಳಲೇಬೇಕು. ಐಡಾ ಬಹಳ ತೊಳಲಾಡಿ, ಕೊನೆಗೆ ಕಾಲೇಜು ಉಳಿಯಲೆಂದು ಗಂಡುಮಕ್ಕಳ ಪ್ರವೇಶಕ್ಕೆ ಒಪ್ಪಿದರು. ನಲವತ್ತರಷ್ಟು ಮಿಷನ್ನುಗಳು ಕಾಲಕ್ರಮದಲ್ಲಿ ಬೆಂಬಲಕ್ಕೆ ನಿಂತವು. 1942ರಲ್ಲಿ ಎಂ.ಬಿ.ಬಿ.ಎಸ್. ತರಗತಿಗೆ ತಾತ್ಕಾಲಿಕ ಮಾನ್ಯತೆ ಸಿಕ್ಕಿತ್ತು. 1947ರಲ್ಲಿ ಗಂಡುಮಕ್ಕಳು ಸೇರಿದರು. 1950ರಲ್ಲಿ ಪೂರ್ಣ ಮಾನ್ಯತೆ ದೊರೆಯಿತು. ಅಷ್ಟರಲ್ಲಿ ಮುಖ್ಯಸ್ಥಾನಕ್ಕೆ ಭಾರತೀಯ ಮಹಿಳೆಯೇ, ಡಾ. ಹಿಲ್ಡಾ ಲಾಜರಸ್, ಬಂದಿದ್ದರು.

1946ರಲ್ಲಿ ನಿವೃತ್ತರಾದ ಐಡಾ ಕೊಡೈಕೆನಾಲಿನ ಬೆಟ್ಟದ ಮನೆಯಲ್ಲಿ ಉಳಿದರು. ಡಾ. ಐಡಾ, ಇಂಡಿಯಾ ಎಂದಷ್ಟೇ ವಿಳಾಸ ಬರೆದ ಕಾಗದವೂ ಅವರ ಕೈ ಸೇರಿತ್ತೆಂದು ಹೇಳುತ್ತಾರೆ. 1960ರ ಮೇ ತಿಂಗಳಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ, ಅದೇ ಮನೆಯಲ್ಲಿ ತೀರಿಕೊಂಡರು.