ದಾವೋಸ್‌ನ ಚಳಿಗಾಲ

ಪತ್ತೇದಾರ ಷರ್ಲಾಕ್ ಹೋಮ್ಸನ ಹೆಸರನ್ನು ಕೇಳದವರು ವಿರಳ. ಆದರೆ ಆ ಪಾತ್ರವನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್‌ನ ಬಾಳನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ಪಾತ್ರವೇ ಕರ್ತೃವನ್ನು ಮರೆಮಾಡುವುದು ಸಾಹಿತ್ಯಲೋಕದಲ್ಲಿ ಆಗಾಗ ನಡೆಯುವ ವಿಚಿತ್ರ. ಡಾಯ್ಲ್ ವೃತ್ತಿಯಿಂದ ವೈದ್ಯನಾಗಿದ್ದನು. ಕ್ರಿಕೆಟ್ ಮತ್ತು ಕಾಲ್ಚೆಂಡಿನಾಟಗಳಲ್ಲಿ ನುರಿತವನಾಗಿದ್ದನು. ಕೀರ್ತಿಯ ಶಿಖರದಲ್ಲಿದ್ದಾಗಲೇ, ರೋಗಪೀಡಿತಳಾದ ಪತ್ನಿಯನ್ನು ಉಳಿಸಿಕೊಳ್ಳುವ ಸಲುವಾಗಿ ಲಂಡನ್ ನಗರವನ್ನು ತೊರೆದು, ಸ್ವಿಟ್ಜರ್ಲೆಂಡಿನ ಹಿಮಪರ್ವತಗಳ ನಡುವೆ ಚಳಿಗಾಲಗಳನ್ನು ಕಳೆದನು. ಆ ಚಳಿಗಾಲಗಳ ಕಥೆ ಅವನ ಯಾವ ಪತ್ತೇದಾರಿ ಕಥೆಗೂ ಕಡಿಮೆಯಾದುದಲ್ಲ.

ಡಾಯ್ಲ್ 1859ನೆಯ ಇಸವಿ ಮೇ 22ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದನು. ತಂದೆ ಚಾರ್ಲ್ಸ್ ಒಳ್ಳೆಯ ಚಿತ್ರಕಾರ. ಆದರೆ ಕುಡಿತಕ್ಕೆ ದಾಸನಾಗಿ ಸಂಸಾರವನ್ನು ಕಷ್ಟಕ್ಕೆ ನೂಕಿದನು. ತಾಯಿ ಮೇರಿ ಬಡತನದಲ್ಲಿಯೂ ಮಕ್ಕಳಿಗೆ ಹಳೆಯ ವೀರರ ಕಥೆಗಳನ್ನು ಸ್ವಾರಸ್ಯವಾಗಿ ಹೇಳುತ್ತ ಅವರನ್ನು ಸಾಕಿದಳು. ಕಥೆ ಹೇಳುವ ಕಲೆ ಮಗನಿಗೆ ಒಲಿದುದು ಆ ತಾಯಿಯಿಂದ. ಶಾಲಾದಿನಗಳ ಕೊನೆಯ ವರ್ಷವನ್ನು ಅವನು ಆಸ್ಟ್ರಿಯಾ ದೇಶದ ಫೆಲ್ಡ್‌ಕಿರ್ಖ್ ಎಂಬ ಊರಿನಲ್ಲಿ ಕಳೆದನು. ಆಲ್ಪ್ಸ್ ಪರ್ವತಗಳ ಪರಿಚಯ ಅವನಿಗೆ ಆದುದು ಅಲ್ಲಿಯೇ.

ಅನಂತರ ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣಕ್ಕೆ ಸೇರಿದನು. ಅದು ಮುಗಿಯುವ ಮೊದಲೇ, 1880ರಲ್ಲಿ, ಹೋಪ್ ಎಂಬ ತಿಮಿಂಗಿಲ ಬೇಟೆಯ ಹಡಗಿಗೆ ವೈದ್ಯನಾಗಿ ಹೊರಟನು. ಆರ್ಕ್‌ಟಿಕ್ ಸಾಗರದ ತೇಲುವ ಹಿಮಗಡ್ಡೆಗಳ ಮೇಲೆ ನಾವಿಕರೊಡನೆ ಓಡಾಡುವಾಗ ಅವನು ಮತ್ತೆ ಮತ್ತೆ ಕಾಲುಜಾರಿ ಕೊರೆಯುವ ನೀರಿಗೆ ಬೀಳುತ್ತಿದ್ದನು. ಇದನ್ನು ಕಂಡ ಹಡಗಿನ ನಾಯಕನು ಅವನಿಗೆ ಉತ್ತರದ ಕಡಲಿನ ಒಂದು ಮುಳುಗುಹಕ್ಕಿಯ ಹೆಸರನ್ನಿಟ್ಟು ನಗೆಯಾಡಿದನಂತೆ. ಬೀಳುವುದಕ್ಕೆ ನಾಚದ ಸ್ವಭಾವ ಮುಂದೊಂದು ದಿನ ಅವನಿಗೆ ಬಹಳ ಉಪಯೋಗಕ್ಕೆ ಬಂದಿತು.

ವೈದ್ಯನಾದ ಡಾಯ್ಲ್ 1882ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಸೌತ್‌ಸೀ ಎಂಬಲ್ಲಿ ಚಿಕಿತ್ಸಾಲಯವನ್ನು ತೆರೆದನು. ರೋಗಿಗಳು ಹೆಚ್ಚಾಗಿ ಬರಲಿಲ್ಲ; ಬಿಡುವಿನ ವೇಳೆಯಲ್ಲಿ ಕಥೆಗಳನ್ನು ಬರೆದನು. ಬಂದ ಕೆಲವೇ ರೋಗಿಗಳಲ್ಲಿ ಒಬ್ಬ ತರುಣನು ಮೆದುಳಿನ ಪೊರೆಯ ಊತದಿಂದ ನರಳುತ್ತಿದ್ದನು. ಡಾಯ್ಲ್ ಅವನನ್ನು ತನ್ನ ಮನೆಯಲ್ಲಿಯೇ ಇರಿಸಿಕೊಂಡು ಆರೈಕೆ ಮಾಡಿದನು, ತರುಣನು ಉಳಿಯಲಿಲ್ಲ. ಅವನ ಅಕ್ಕ ಲೂಯಿಸಾ ಹಾಕಿನ್ಸ್ ಮೃದುಸ್ವಭಾವದ ಹೆಣ್ಣುಮಗಳು. ಆ ದುಃಖದ ದಿನಗಳಲ್ಲಿ ಬೆಳೆದ ಸ್ನೇಹ 1885ರ ಆಗಸ್ಟ್ 6ರಂದು ವಿವಾಹದಲ್ಲಿ ಪರ್ಯವಸಾನವಾಯಿತು. 1887ರಲ್ಲಿ ಹೋಮ್ಸನ ಮೊದಲ ಕಾದಂಬರಿ ಪ್ರಕಟವಾಯಿತು. 1891ರಲ್ಲಿ ಲಂಡನ್ನಿನ ಸ್ಟ್ರಾಂಡ್ ಮಾಸಪತ್ರಿಕೆಯಲ್ಲಿ ಹೋಮ್ಸನ ಸಣ್ಣಕಥೆಗಳು ಬರತೊಡಗಿದಾಗ ಡಾಯ್ಲ್‌ನ ಹೆಸರು ಮನೆಮಾತಾಯಿತು. ಅವನು ವೈದ್ಯವೃತ್ತಿಯನ್ನು ಬಿಟ್ಟು ಬರವಣಿಗೆಯನ್ನೇ ನಂಬಿದನು. ಮೇರಿ, ಕಿಂಗ್ಸ್‌ಲಿ ಎಂಬ ಇಬ್ಬರು ಮಕ್ಕಳೂ ಆದರು.

1893ರ ಬೇಸಿಗೆಯಲ್ಲಿ ದಂಪತಿಗಳು ಸ್ವಿಟ್ಜರ್ಲೆಂಡಿಗೆ ಪ್ರವಾಸ ಹೋಗಿ, ರೈಖನ್‌ಬಾಖ್ ಎಂಬ ಭೋರ್ಗರೆಯುವ ಜಲಪಾತವನ್ನು ನೋಡಿದರು. ಹೋಮ್ಸನ ಕಥೆಗಳಿಂದ ಬೇಸತ್ತಿದ್ದ ಡಾಯ್ಲ್, ತನ್ನ ನಾಯಕನಿಗೆ ಅಂತ್ಯ ಕಾಣಿಸಲು ಆ ಪ್ರಪಾತವೇ ತಕ್ಕ ಸ್ಥಳವೆಂದು ನಿಶ್ಚಯಿಸಿದನು. ಊರಿಗೆ ಮರಳಿದ ಸ್ವಲ್ಪ ಕಾಲದಲ್ಲಿಯೇ ಲೂಯಿಸಾಳಿಗೆ ಕೆಮ್ಮು ಆರಂಭವಾಯಿತು. ಪಕ್ಕೆಯಲ್ಲಿ ನೋವು ಕಾಣಿಸಿಕೊಂಡಿತು. ಪರೀಕ್ಷಿಸಿದ ವೈದ್ಯರು ಅದು ಕ್ಷಯವೆಂದೂ, ಶೀಘ್ರವಾಗಿ ಬಲಿಯುವ ಬಗೆಯದೆಂದೂ, ಆಕೆ ಇನ್ನು ಕೆಲವೇ ತಿಂಗಳು ಬದುಕಿಯಾಳೆಂದೂ ತಿಳಿಸಿದರು. ಆಗ ಆಕೆಗೆ 36 ವರ್ಷ. ಮಗಳು ನಾಲ್ಕು ವರ್ಷದವಳು. ಮಗನಿಗೆ ಒಂದು ವರ್ಷ.

ಇಲ್ಲಿ ವಿಧಿಯ ಕ್ರೂರವಾದ ಅಣಕವೊಂದನ್ನು ಗಮನಿಸಬೇಕು. ಕ್ಷಯರೋಗದ ವಿಷಯ ಡಾಯ್ಲ್‌ಗೆ ಅಪರಿಚಿತವಾಗಿರಲಿಲ್ಲ. ಆ ರೋಗಾಣುವನ್ನು 1882ರಲ್ಲಿ ಕಂಡುಹಿಡಿದ ರಾಬರ್ಟ್ ಕಾಖ್, ಅದಕ್ಕೆ ಮದ್ದು ದೊರೆಯಿತೆಂದು 1890ರಲ್ಲಿ ಸಾರಿದಾಗ, ಡಾಯ್ಲ್ ತಾನಾಗಿಯೇ ಬರ್ಲಿನ್ ನಗರಕ್ಕೆ ಧಾವಿಸಿದ್ದನು. ಅಲ್ಲಿಯ ರೋಗಿಗಳನ್ನು ಕಂಡು, ಆ ಮದ್ದನ್ನು ಈಗಲೇ ನಂಬುವಂತಿಲ್ಲವೆಂದು ಇಂಗ್ಲೆಂಡಿನ ಪತ್ರಿಕೆಗಳಿಗೆ ಬರೆದನು. ಅವನ ಸಂಶಯ ನಿಜವಾಯಿತು. ಕ್ಷಯಕ್ಕೆ ಔಷಧವಿಲ್ಲವೆಂಬುದನ್ನು ಅಷ್ಟು ಸ್ಪಷ್ಟವಾಗಿ ಬಲ್ಲವನ ಮನೆಗೇ ಮೂರು ವರ್ಷಗಳ ಬಳಿಕ ಆ ರೋಗ ಕಾಲಿಟ್ಟಿತು. ಅದೇ ಅಕ್ಟೋಬರ್ ತಿಂಗಳಲ್ಲಿ ಅವನ ತಂದೆಯೂ ತೀರಿಕೊಂಡನು. ಡಿಸೆಂಬರಿನಲ್ಲಿ ಹೋಮ್ಸನ ಮರಣದ ಕಥೆ ಅಚ್ಚಾಗಿ ಓದುಗರು ಕೋಪದ ಪತ್ರಗಳನ್ನು ಬರೆಯತೊಡಗಿದಾಗ, ಕಥೆಯ ಸಾವಿಗಾಗಿ ಮರುಗುವ ಸ್ಥಿತಿಯಲ್ಲಿ ಆ ಲೇಖಕನು ಇರಲಿಲ್ಲ.

ಔಷಧವಿಲ್ಲದ ಆ ಕಾಲದಲ್ಲಿ ವೈದ್ಯರು ತೋರಿಸುತ್ತಿದ್ದ ಒಂದೇ ದಾರಿ ಬೆಟ್ಟದ ಗಾಳಿ. ಡಾಯ್ಲ್ ಪತ್ನಿಯನ್ನು ಕರೆದುಕೊಂಡು ದಾವೋಸಿಗೆ ಹೊರಟನು. ದಾವೋಸ್ ಪೂರ್ವ ಸ್ವಿಟ್ಜರ್ಲೆಂಡಿನಲ್ಲಿ ಸಮುದ್ರಮಟ್ಟದಿಂದ ಸುಮಾರು 1560 ಮೀಟರು ಎತ್ತರದಲ್ಲಿರುವ ಒಂದು ಕಣಿವೆ. ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬ ವೈದ್ಯನು ಅಲ್ಲಿಯ ನಿವಾಸಿಗಳಲ್ಲಿ ಕ್ಷಯ ಕಾಣಿಸದಿರುವುದನ್ನು ಗಮನಿಸಿದ್ದನು. 1865ರಿಂದ ರೋಗಿಗಳು ಚಳಿಗಾಲವನ್ನು ಕಳೆಯಲು ಅಲ್ಲಿಗೆ ಬರತೊಡಗಿದ್ದರು. 1890ರಲ್ಲಿ ರೈಲುಮಾರ್ಗವೂ ಊರನ್ನು ಮುಟ್ಟಿತು. ಶ್ವಾಸಕೋಶ ಕೆಟ್ಟವರನ್ನು ಹಿಮದ ನಾಡಿಗೆ ಒಯ್ಯುವುದೇ ಎಂದು ಬಿಸಿಲನಾಡಿನವರಾದ ನಮಗೆ ಅಚ್ಚರಿಯಾಗಬಹುದು. ಆದರೆ ಅಲ್ಲಿಯ ಚಳಿ ತೇವವಿಲ್ಲದ ಒಣಚಳಿ. ಹೊಗೆ, ಧೂಳು ಇಲ್ಲ. ಹಗಲಿನಲ್ಲಿ ಸೂರ್ಯನು ಹಿಮದ ಮೇಲೆ ಪ್ರಜ್ವಲಿಸುವನು. ರೋಗಿಗಳು ಕಂಬಳಿಗಳನ್ನು ಹೊದ್ದು ದಕ್ಷಿಣಕ್ಕೆ ಮುಖಮಾಡಿದ ಮೊಗಸಾಲೆಗಳಲ್ಲಿ ಗಂಟೆಗಟ್ಟಲೆ ಮಲಗಿರುತ್ತಿದ್ದರು. ಪುಷ್ಟಿಕರವಾದ ಆಹಾರವನ್ನು ಸೇವಿಸುತ್ತಿದ್ದರು. ಸ್ಕಾಟ್ಲೆಂಡಿನ ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ಹೀಗೆಯೇ ಅಲ್ಲಿ ಎರಡು ಚಳಿಗಾಲಗಳನ್ನು ಕಳೆದು, ನಿಧಿದ್ವೀಪದ ಕಥೆಯನ್ನು ಅಲ್ಲಿ ಮುಗಿಸಿದ್ದನು.

ದಾವೋಸಿನಲ್ಲಿ ಇನ್ನೊಂದು ಬಗೆಯ ಜನರೂ ಇದ್ದರು. ಒಬ್ಬ ರೋಗಿಯೊಡನೆ ಅವನ ಪತ್ನಿ, ಮಕ್ಕಳು, ಸೋದರ ಸೋದರಿಯರು ಬಂದು ನಿಲ್ಲುತ್ತಿದ್ದರು. ಆರೋಗ್ಯವಂತರಾದ ಇವರು ತಿಂಗಳುಗಟ್ಟಲೆ ಏನು ಮಾಡಬೇಕು? ಊರವರು ಸೌದೆಯನ್ನೂ ಹುಲ್ಲನ್ನೂ ಸಾಗಿಸುತ್ತಿದ್ದ ಜಾರುಬಂಡಿಗಳು ಇವರ ಕೈಯಲ್ಲಿ ಆಟದ ಸಾಧನಗಳಾದವು. ಕಿರಿಯರೂ ಹಿರಿಯರೂ ಅವುಗಳನ್ನೇರಿ ಇಳಿಜಾರಿನಲ್ಲಿ ಕೇಕೆಹಾಕುತ್ತ ಧುಮುಕುವರು. ಹೆಪ್ಪುಗಟ್ಟಿದ ನೀರಿನ ಮೇಲೆ ಲೋಹದ ಅಲಗಿನ ಪಾದುಕೆಗಳನ್ನು ಕಟ್ಟಿಕೊಂಡು ಜಾರುವರು. ರೋಗಿಯಾಗಿ ಬಂದು ಅಲ್ಲಿಯೇ ನೆಲೆಸಿದ್ದ ಜಾನ್ ಆಡಿಂಗ್‌ಟನ್ ಸೈಮಂಡ್ಸ್ ಎಂಬ ವಿದ್ವಾಂಸನು 1883ರಲ್ಲಿ ದಾವೋಸಿನಿಂದ ಕ್ಲೋಸ್ಟರ್ಸ್‌ವರೆಗೆ ಜಾರುಬಂಡಿಗಳ ಪಂದ್ಯವನ್ನೇ ಏರ್ಪಡಿಸಿದ್ದನು. ಒಂದೇ ಬೀದಿಯಲ್ಲಿ ಒಂದು ಕಡೆ ಕೆಮ್ಮಿನ ಸದ್ದು, ಇನ್ನೊಂದು ಕಡೆ ನಗುವಿನ ಸದ್ದು. ಆ ಊರಿನ ಚಳಿಗಾಲವೆಂದರೆ ಇವೆರಡೂ ಸೇರಿದುದು.

ಡಾಯ್ಲ್ ಮುಂಜಾನೆಯ ವೇಳೆಯನ್ನು ಬರವಣಿಗೆಗೆ ಮೀಸಲಿಟ್ಟನು. ಬ್ರಿಗೇಡಿಯರ್ ಜೆರಾರ್ಡ್ ಎಂಬ ಜಂಬದ ಸೈನಿಕನ ಪಾತ್ರ ರೂಪುಗೊಂಡುದು ಈ ಕಾಲದಲ್ಲಿಯೇ. ಅವನು ಅಲ್ಲಿ ಗಾಲ್ಫ್ ಆಟಕ್ಕೂ ಒಂದು ಬಯಲನ್ನು ಗುರುತುಮಾಡಿದನು. ಆದರೆ ಗುರುತಿಗೆಂದು ನೆಟ್ಟ ಕೆಂಪು ಬಟ್ಟೆಯ ಬಾವುಟಗಳನ್ನು ಹಸುಗಳು ಮೆಲ್ಲುತ್ತಿದ್ದವು. ಅವನ ಮನಸ್ಸನ್ನು ನಿಜವಾಗಿ ಸೆಳೆದುದು ಸ್ಕೀ. ನಾರ್ವೆ ದೇಶದಲ್ಲಿ ಹಿಂದಿನಿಂದಲೂ ಬಳಕೆಯಲ್ಲಿದ್ದ ಈ ಸಾಧನವು ಸುಮಾರು ಎಂಟು ಅಡಿ ಉದ್ದದ, ನಾಲ್ಕು ಬೆರಳಗಲದ ಮರದ ಪಟ್ಟಿ. ಅದರ ಮುಂತುದಿ ಮೇಲಕ್ಕೆ ಬಾಗಿರುತ್ತದೆ. ಒಂದೊಂದು ಕಾಲಿಗೆ ಒಂದೊಂದರಂತೆ ಕಟ್ಟಿಕೊಂಡರೆ ದೇಹದ ಭಾರ ಹಂಚಿಹೋಗಿ, ಸೊಂಟದವರೆಗೆ ಹೂಳುವ ಹಿಮದ ಮೇಲೂ ಮನುಷ್ಯನು ಹೂಳದೆ ಸಾಗಬಲ್ಲನು. ದಾವೋಸಿನಲ್ಲಿ ಜೀನುಗಳನ್ನು ಹೊಲಿಯುವ ಕಸುಬಿನ ಟೋಬಿಯಾಸ್ ಬ್ರಾಂಗರ್ ಎಂಬಾತನೂ ಅವನ ಸೋದರ ಯೋಹಾನನೂ ಇದನ್ನು ಕಲಿತಿದ್ದರು. ಊರವರ ಅಪಹಾಸ್ಯಕ್ಕೆ ಅಂಜಿ ಅವರು ಮೊದಮೊದಲು ಕತ್ತಲಾದ ಮೇಲೆ ಅಭ್ಯಾಸ ಮಾಡುತ್ತಿದ್ದರಂತೆ. ಡಾಯ್ಲ್‌ಗೆ ಅಂಥ ಸಂಕೋಚವಿರಲಿಲ್ಲ. ನಾರ್ವೆಯಿಂದ ಸ್ಕೀಗಳನ್ನು ತರಿಸಿ, ಪ್ರಸಿದ್ಧ ಲೇಖಕನೆಂಬ ಬಿಗುಮಾನವನ್ನು ಬದಿಗಿಟ್ಟು, ಎಲ್ಲರೂ ನೋಡುತ್ತಿರುವಂತೆಯೇ ಬಿದ್ದನು, ಎದ್ದನು, ಮತ್ತೆ ಬಿದ್ದನು. 35ನೆಯ ವಯಸ್ಸನ್ನು ಸಮೀಪಿಸುತ್ತಿದ್ದ, ಭಾರಿ ಮೈಕಟ್ಟಿನ ಆ ಮನುಷ್ಯನು ಹಿಮದಲ್ಲಿ ಹೊರಳುವುದು ನೋಡುವವರಿಗೆ ಒಳ್ಳೆಯ ವಿನೋದವಾಗಿದ್ದಿರಬೇಕು.

ಕೆಲವು ವಾರಗಳ ಬಳಿಕ ಅವನು ಬ್ರಾಂಗರ್ ಸೋದರರೊಡನೆ ಊರಿನ ಎದುರಿಗಿರುವ ಯಾಕೊಬ್ಸ್‌ಹಾರ್ನ್ ಬೆಟ್ಟವನ್ನೇರಿದನು. ಶಿಖರದಿಂದ ನೋಡಿದಾಗ ಕೆಳಗೆ ಊರಿನ ಬಾವುಟಗಳು ಇಳಿದೇರುತ್ತಿದ್ದುವು. ಅದು ತಮಗೆ ಸಲ್ಲಿಸಿದ ಗೌರವವೆಂದು ಅವರಿಗೆ ತಿಳಿದುದು ಆಮೇಲೆ. ಇದರಿಂದ ಉತ್ಸಾಹಗೊಂಡು ಅವರು ಇನ್ನೂ ಕಠಿಣವಾದ ಕಾರ್ಯಕ್ಕೆ ಸಿದ್ಧರಾದರು. ಬೆಟ್ಟಸಾಲಿನ ಆಚೆಗೆ ಅರೋಜಾ ಎಂಬ ಇನ್ನೊಂದು ಆರೋಗ್ಯಸ್ಥಳವಿದೆ. ಹಕ್ಕಿ ಹಾರುವ ದಾರಿಯಲ್ಲಿ ಅದು ಸಮೀಪ. ಆದರೆ ಚಳಿಗಾಲದಲ್ಲಿ ಪರ್ವತಗಳನ್ನು ಬಳಸಿ ಬಹುದೂರ ಸುತ್ತಿಯೇ ಹೋಗಬೇಕು. ನಡುವಣ ಮಾಯೆನ್‌ಫೆಲ್ಡರ್ ಫುರ್ಕಾ ಎಂಬ ಘಟ್ಟದ ಎತ್ತರ ಸುಮಾರು 2440 ಮೀಟರು. ಬ್ರಾಂಗರ್ ಸೋದರರು ಹಿಂದಿನ ವರ್ಷ ಅದನ್ನು ಸ್ಕೀಗಳ ಮೇಲೆ ದಾಟಿದ್ದರು.

1894ರ ಮಾರ್ಚ್ 23ರಂದು ನಸುಕಿನ ನಾಲ್ಕೂವರೆ ಗಂಟೆಗೆ ಮೂವರೂ ಹೊರಟರು. ಇಳಿಜಾರಿನಲ್ಲಿ ಅಡ್ಡಡ್ಡಲಾಗಿ ಹಾವಿನಂತೆ ಸಾಗುತ್ತ ಘಟ್ಟವನ್ನೇರಿದರು. ದಾರಿಯಲ್ಲಿ ಹಿಮವು ಕಲ್ಲಿನಂತೆ ಗಟ್ಟಿಯಾಗಿದ್ದ, ಮನೆಯ ಮಾಡಿನಂತೆ ಕಡಿದಾಗಿದ್ದ ಜಾಗಗಳಿದ್ದುವು. ಅಲ್ಲಿ ಕಾಲು ಜಾರಿದರೆ ನಿಲ್ಲುವುದು ಎಲ್ಲಿ ಎಂದು ಹೇಳುವಂತಿರಲಿಲ್ಲ. ಆ ಕ್ಷಣಗಳಲ್ಲಿ ದಾವೋಸಿನಲ್ಲಿ ಮಲಗಿದ್ದ ಪತ್ನಿಯ ನೆನಪು ಅವನಿಗೆ ಬಂದಿರಲಾರದೆ? ಘಟ್ಟದ ನೆತ್ತಿಯನ್ನು ದಾಟಿದ ಮೇಲೆ ಅವರ ಶ್ರಮಕ್ಕೆ ಫಲ ದೊರೆಯಿತು. ಯಾರೂ ತುಳಿಯದ ಹಿಮದ ಹಾಸಿನ ಮೇಲೆ, ಕಾಲನ್ನೆತ್ತದೆಯೇ, ಗಾಳಿಯಂತೆ ಜಾರುತ್ತ ಸಾಗಿದರು. ಬಹಳ ಕಡಿದಾದ ಒಂದು ಇಳುಕಲು ಬಂದಾಗ ಸೋದರರು ಸ್ಕೀಗಳನ್ನು ಜೋಡಿಸಿ ಕಟ್ಟಿ, ಅವುಗಳ ಮೇಲೆ ಕುಳಿತು ಇಳಿದರು. ಡಾಯ್ಲ್ ಹಾಗೆಯೇ ಮಾಡಹೋದಾಗ ಅವನ ಸ್ಕೀಗಳು ಯಜಮಾನನನ್ನು ಬಿಟ್ಟು ತಾವೇ ಕೆಳಕ್ಕೆ ಹಾರಿದುವು. ಗತ್ಯಂತರವಿಲ್ಲದೆ ಅವನು ಹಿಮದ ಮೇಲೆ ಕುಳಿತೇ ಜಾರಿ ಇಳಿದನು. ಎಂದಿಗೂ ಸವೆಯದೆಂದು ದರ್ಜಿಯು ಹೊಗಳಿದ್ದ ಉಣ್ಣೆಬಟ್ಟೆಯ ಷರಾಯಿ ಆ ಪರೀಕ್ಷೆಯಲ್ಲಿ ಸೋತಿತು. ಉಳಿದ ದಿನವೆಲ್ಲ ಅವನು ಗೋಡೆಗೆ ಬೆನ್ನುಕೊಟ್ಟೇ ನಿಲ್ಲಬೇಕಾಯಿತು.

ಅರೋಜಾದ ಜನ ಇವರ ಬರವನ್ನು ಮೊದಲೇ ತಿಳಿದಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ತಲಪಲಾರರೆಂದು ಲೆಕ್ಕಹಾಕಿ, ಬೆಟ್ಟವಿಳಿಯುವ ನೋಟವನ್ನು ಕಾಣಲು ಅವರು ಹೊರಟಾಗ, ಈ ಮೂವರು ಹೋಟೆಲಿನಲ್ಲಿ ಊಟ ಮುಗಿಸುತ್ತಿದ್ದರು. ಅವರು ಊರನ್ನು ಮುಟ್ಟಿದುದು ಹನ್ನೊಂದೂವರೆಗೇ. ಹೋಟೆಲಿನ ದಾಖಲೆ ಪುಸ್ತಕದಲ್ಲಿ ಡಾಯ್ಲ್‌ನ ಹೆಸರಿನ ಮುಂದೆ ವೃತ್ತಿಯನ್ನು ಬರೆಯಬೇಕಾಗಿ ಬಂದಾಗ, ಟೋಬಿಯಾಸನು ವೈದ್ಯನೆಂದಾಗಲಿ ಲೇಖಕನೆಂದಾಗಲಿ ಬರೆಯದೆ, ಕ್ರೀಡಾಳು ಎಂದು ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಬರೆದನು. ಆ ಬಿರುದು ಡಾಯ್ಲ್‌ಗೆ ಬಹಳ ಮೆಚ್ಚಿಕೆಯಾಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಸ್ಟ್ರಾಂಡ್ ಪತ್ರಿಕೆಯಲ್ಲಿ ಈ ಸಾಹಸದ ವರ್ಣನೆ ಪ್ರಕಟವಾಯಿತು. ಸ್ಕೀ ಆಟಕ್ಕಾಗಿ ನೂರಾರು ಆಂಗ್ಲರು ಸ್ವಿಟ್ಜರ್ಲೆಂಡಿಗೆ ಬರುವ ಕಾಲವೊಂದು ಬರುವುದೆಂದು ಅದರಲ್ಲಿ ಅವನು ಭವಿಷ್ಯ ನುಡಿದಿದ್ದನು. ಆ ದೇಶಕ್ಕೆ ಸ್ಕೀ ಆಟವನ್ನು ತಂದವನೇ ಡಾಯ್ಲ್ ಎಂದು ಕೆಲವರು ಹೇಳುವುದುಂಟು, ಇದು ಉತ್ಪ್ರೇಕ್ಷೆ. ಜೀನು ಹೊಲಿಯುವ ಟೋಬಿಯಾಸನಿಗೆ ಸಲ್ಲಬೇಕಾದ ಕೀರ್ತಿಯನ್ನು ಕಥೆಗಾರನಿಗೆ ಕೊಡುವುದು ನ್ಯಾಯವಲ್ಲ. ಆದರೆ ಕಣಿವೆಯ ಮೂಲೆಯಲ್ಲಿದ್ದ ಆಟವನ್ನು ಇಂಗ್ಲೆಂಡಿನ ಮನೆಮನೆಗೂ ತಿಳಿಯಪಡಿಸಿದ ಲೇಖನಿ ಅವನದೇ.

ಲೂಯಿಸಾ ಚೇತರಿಸಿಕೊಂಡಳು. ಕೆಲವು ತಿಂಗಳೆಂದು ವೈದ್ಯರು ಕೊಟ್ಟ ಗಡುವು ದಾಟಿತು, ವರ್ಷ ದಾಟಿತು. ದಂಪತಿಗಳು ಮರುವರ್ಷದ ಚಳಿಗಾಲವನ್ನೂ ದಾವೋಸಿನಲ್ಲಿ ಕಳೆದರು. ಅದರ ಮುಂದಿನದನ್ನು ಈಜಿಪ್ಟಿನ ಒಣಹವೆಯಲ್ಲಿ ಕಳೆದರು. ಮಕ್ಕಳೊಡನೆ ಸ್ವದೇಶದಲ್ಲಿಯೇ ನೆಲೆಸಬೇಕೆಂಬ ಆಕೆಯ ಬಯಕೆಯಂತೆ, ಡಾಯ್ಲ್ ಒಳ್ಳೆಯ ಗಾಳಿಗೆ ಹೆಸರಾದ ಹೈಂಡ್‌ಹೆಡ್ ಎಂಬ ಎತ್ತರದ ಊರಿನಲ್ಲಿ ಮನೆ ಕಟ್ಟಿಸಿದನು. ಕಿಟಕಿಗಳನ್ನು ದೊಡ್ಡವಾಗಿರಿಸಿ, ಏರುವಾಗ ಆಕೆಗೆ ಆಯಾಸವಾಗದಂತೆ ಮೆಟ್ಟಿಲುಗಳನ್ನು ತಗ್ಗಾಗಿ ಮಾಡಿಸಿದನು. 1897ರಲ್ಲಿ ಸಂಸಾರವು ಆ ಮನೆಯನ್ನು ಸೇರಿತು. ಲೂಯಿಸಾ ತೀರಿಕೊಂಡುದು 1906ರ ಜುಲೈ 4ರಂದು, ತನ್ನ 49ನೆಯ ವಯಸ್ಸಿನಲ್ಲಿ. ತಾಯಿಯ ಮುಖವನ್ನು ನೆನಪಿಡಲಾರದ ಹಸುಳೆಗಳಾಗಿದ್ದ ಮಕ್ಕಳು ಆ ವೇಳೆಗೆ ಬೆಳೆದುನಿಂತಿದ್ದರು. ಬೆಟ್ಟದ ಗಾಳಿ ಕೊಟ್ಟುದು ಎಷ್ಟು, ಆಕೆಯ ದೇಹದ ಶಕ್ತಿ ಕೊಟ್ಟುದು ಎಷ್ಟು ಎಂಬುದನ್ನು ಇಂದಿನ ವೈದ್ಯರೂ ನಿಶ್ಚಯವಾಗಿ ಹೇಳಲಾರರು.

ಮರುವರ್ಷ ಡಾಯ್ಲ್ ಜೀನ್ ಲೆಕಿ ಎಂಬಾಕೆಯನ್ನು ವಿವಾಹವಾದನು. ಮಗ ಕಿಂಗ್ಸ್‌ಲಿ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು, 1918ರಲ್ಲಿ ಹರಡಿದ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಅಸುನೀಗಿದನು. ಡಾಯ್ಲ್ 1930ರ ಜುಲೈ 7ರಂದು ನಿಧನ ಹೊಂದಿದನು.

1943ರಲ್ಲಿ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಕಂಡುಹಿಡಿದ ಮೇಲೆ ಕ್ಷಯರೋಗಿಗಳು ದಾವೋಸಿಗೆ ಬರುವುದು ಕ್ರಮೇಣ ನಿಂತಿತು. ಆರೋಗ್ಯಧಾಮಗಳು ಒಂದೊಂದಾಗಿ ಹೋಟೆಲುಗಳಾದುವು. ಊರಿನ ಮೇಲ್ಗಡೆ 1900ರಲ್ಲಿ ಆರಂಭವಾಗಿದ್ದ ಷಾಟ್ಸ್‌ಆಲ್ಪ್ ಎಂಬ ದೊಡ್ಡ ಆರೋಗ್ಯಧಾಮವೂ ಹಾಗೆಯೇ ಮಾರ್ಪಟ್ಟಿತು. ರೋಗಿಗಳು ಮಲಗುತ್ತಿದ್ದ ಮೊಗಸಾಲೆಗಳು ಇಂದಿಗೂ ಅಲ್ಲಿವೆ. ಅದರ ಸಮೀಪದಿಂದಲೇ ಚಳಿಗಾಲದಲ್ಲಿ ತಂದೆತಾಯಿಯರೂ ಮಕ್ಕಳೂ ಜಾರುಬಂಡಿಗಳನ್ನೇರಿ ಊರಿಗೆ ಇಳಿಯುತ್ತಾರೆ. ದಾವೋಸಿಗೂ ಅರೋಜಾಕ್ಕೂ ನಡುವೆ ನೇರವಾದ ವಾಹನಮಾರ್ಗ ಇಂದಿಗೂ ಇಲ್ಲ. ಆ ಘಟ್ಟವನ್ನು ದಾಟಬಯಸುವವರು ಬೇಸಿಗೆಯಲ್ಲಿ ಕಾಲ್ನಡಿಗೆಯಿಂದಲೂ ಚಳಿಗಾಲದಲ್ಲಿ ಸ್ಕೀಗಳನ್ನು ಕಟ್ಟಿಕೊಂಡೂ ದಾಟುತ್ತಾರೆ.